ನಾಲ್ಕನೇ ದಿನದ ಎರಡು ಚುಕ್ಕೆ

"ಆ ಗೋಣಿ ತೆಗೀರಿ... ಮೊದ್ಲು ತೆಗೀರಿ!"

ಹುಳದ ಮನೆಯ ಬಾಗಿಲಲ್ಲಿ ನಿಂತ ಅಮರನಾಥನ ದನಿಗೆ ವಾಣಿಶ್ರೀಯ ಕೈಯಿಂದ ನೀರಿನ ಚೊಂಬು ಜಾರಿತು.

ಚಾಕಿ ಕೇಂದ್ರದಿಂದ ರೇಷ್ಮೆಯ ಮರಿಹುಳ ತಂದುಕೊಡುವ ತಾಯಲೂರಿನ ಹುಡುಗ. ಕ್ಯಾಲನೂರಿನ ಈ ಮನೆಗೆ ಒಂದು ವರ್ಷದಿಂದ ಬರುತ್ತಿದ್ದರೂ ಮಾತೆಲ್ಲ ಅವಳ ಅಮ್ಮನ ಜೊತೆ. ಅವಳತ್ತ ಒಂದು ನೋಟ, ಅಷ್ಟೇ... ಆ ನೋಟಕ್ಕಾಗಿ ಬೈಕಿನ ಸದ್ದು ಕೇಳಿದಾಗಲೆಲ್ಲ ಅವಳು ತಲೆ ಬಾಚಿಕೊಂಡಿದ್ದಳು.

ಮೊದಲ ಮಾತು ಹೀಗಾಗಬೇಕೇ?

ಕಿಟಕಿಗೆ ಕಟ್ಟಿದ್ದ ಒದ್ದೆ ಗೋಣಿಗಳನ್ನು ಅವನೇ ಎಳೆದು ಹಾಕಿದ. ತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ಕದಲದೆ ಕೂತಿದ್ದವು. ಮೂರನೇ ಜ್ವರ. ಚರ್ಮ ಕಳಚುವ ಮುಂಚಿನ ಆ ಒಂದು ದಿನದ ನಿದ್ದೆಗೆ ಸಾಕುವವರು ಹೇಳುವುದೇ ಹಾಗೆ. ಆಗ ಸೊಪ್ಪೂ ಇಲ್ಲ, ತೇವವೂ ಕೂಡದು.

"ನೀವು ಕೊಟ್ಟ ಗ್ರಾಫ್ ನೋಡೇ ಮಾಡಿದ್ದು... ನಾಲ್ಕನೇ ದಿನ ಎಂಬತ್ತು ಅಂತಿದೆ."

ಗೋಡೆಯ ಮೇಲೆ ಆ ಹಾಳೆಯಿತ್ತು. ಅಡ್ಡಕ್ಕೆ ದಿನ, ಮೇಲಕ್ಕೆ ಗಾಳಿಯ ತೇವ. ಎಂಬತ್ತರ ಗೆರೆ ನಾಲ್ಕರವರೆಗೆ ಬಂದು ಖಾಲಿ ಸುತ್ತಿನಲ್ಲಿ ನಿಂತಿತ್ತು. ಅದರ ನೇರ ಕೆಳಗೆ, ಅರವತ್ತೈದರಲ್ಲಿ, ತುಂಬಿದ ಚುಕ್ಕೆಯಿಂದ ಇನ್ನೊಂದು ಗೆರೆ ಹೊರಟಿತ್ತು.

"ಖಾಲಿ ಸುತ್ತು ಅಂದ್ರೆ ಗೆರೆ ಅಲ್ಲೀತನಕ ಬರುತ್ತೆ, ಆ ದಿನ ಅದರದ್ದಲ್ಲ," ಅವನ ದನಿ ಇಳಿಯಿತು. "ನಾಲ್ಕರ ಮೇಲೆ ಬೆರಳಿಟ್ಟು ನೇರ ಮೇಲಕ್ಕೆ ಹೋಗಿ. ತುಂಬಿದ ಚುಕ್ಕೆ ಎಲ್ಲಿ ಸಿಗುತ್ತೋ ಅದೇ ಬೆಲೆ."

ಅವಳ ನಡುಗುವ ಬೆರಳು ಅರವತ್ತೈದರಲ್ಲಿ ನಿಂತಿತು.

ಅವಳು ಸೊಪ್ಪು ಕೊಯ್ಯುವ ಹಾಗೆ ಗ್ರಾಫ್ ಓದಿದ್ದಳು. ಸಾಲು ಹಿಡಿದು ಎಡದಿಂದ ಕೊನೆಯವರೆಗೆ.

"ಈಗೇನಾಗುತ್ತೆ?"

"ಸುಣ್ಣಕಟ್ಟು ಬರ್ಬೋದು. ಹುಳ ಸುಣ್ಣದ ಕಡ್ಡಿ ಥರ ಬಿಗಿದೋಗುತ್ತೆ. ಬರ್ದೇನೂ ಇರ್ಬೋದು. ಮೊದ್ಲು ನಾಳೆ ಹುಳ ನಿದ್ದೆಯಿಂದ ಏಳ್ಲಿ."

ಉಬ್ಬಸದಿಂದ ಅಮ್ಮ ಒಳಗೆ ಕಾಲಿಡದಂತಾದ ಮೇಲೆ ಇದು ವಾಣಿಶ್ರೀ ಒಬ್ಬಳೇ ನೋಡಿಕೊಂಡ ಮೊದಲ ಬೆಳೆ. ಕೆಟ್ಟರೆ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕುವುದಾಗಿ ಅಪ್ಪ ಹೇಳಿದ್ದ.

ಅಷ್ಟರಲ್ಲಿ ಅಪ್ಪನೇ ಬಂದ. ದೊಡ್ಡವೆಂಕಟಪ್ಪನ ಕಣ್ಣು ನೆಲದ ಮೇಲಿನ ಗೋಣಿಗಳ ಮೇಲೆ ಬಿತ್ತು.

"ಜ್ವರದಲ್ಲಿ ಒದ್ದೆ ಗೋಣಿ? ಯಾರ ಕೆಲ್ಸ ಇದು?"

ಅವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ...

"ನಂದೇ ತಪ್ಪು, ಯಜಮಾನ್ರೇ. ಗ್ರಾಫ್ ತಪ್ಪು ಬರ್ದಿದ್ದೆ," ಎಂದ ಅಮರನಾಥ್.

"ಏಮಯ್ಯಾ, ಬರೆಯೋಕೆ ಬರ್ದಿದ್ರೆ ಕುರಿ ಕಾಯಿ ಹೋಗು. ನಾಳೆ ಬೆಳಿಗ್ಗೆ ನಿಮ್ಮ ಓನರ್‌ಗೆ ಫೋನ್ ಮಾಡ್ತೀನಿ. ಇನ್ಮೇಲೆ ನೀನು ಈ ಕಡೆ ಬರ್ಬೇಡ."

ಅವನು ತಲೆ ತಗ್ಗಿಸಿ ಹೊರಟ. ವಾಣಿಶ್ರೀ ಗೋಡೆಗೊರಗಿ ಸುಮ್ಮನೇ ನಿಂತಿದ್ದಳು. ತನ್ನ ಮೌನವೇ ತನಗೆ ಅಸಹ್ಯವಾಯಿತು.

ಬೆಳಿಗ್ಗೆ ಅಪ್ಪ ಫೋನ್ ಕೈಗೆತ್ತಿಕೊಂಡಾಗ ಅವಳಿನ್ನೂ ಹುಳದ ಮನೆಯ ಬಾಗಿಲು ತೆರೆದಿರಲಿಲ್ಲ. ಹುಳ ಸತ್ತಿವೆಯೋ ಬದುಕಿವೆಯೋ... ನೋಡಿದರೆ ಧೈರ್ಯ ಉಳಿಯದು.

"ಅಪ್ಪ, ಫೋನ್ ಮಾಡ್ಬೇಡ. ಗ್ರಾಫ್ ಸರಿಯಿತ್ತು. ನಾನೇ ತಪ್ಪು ಓದಿದ್ದು."

"ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ಹೆದರ್ಕೊಂಡಿದ್ದೆ."

"ಈಗ?"

"ಈಗ್ಲೂ..."

ದೊಡ್ಡವೆಂಕಟಪ್ಪ ಮಗಳನ್ನೇ ದಿಟ್ಟಿಸಿದ. "ಮತ್ತೆ ಅವನ್ಯಾಕೆ ತಲೆ ಮೇಲೆ ಹಾಕ್ಕೊಂಡ?"

ಅವಳು ನೆಲ ನೋಡಿದಳು. ಕಿವಿ ಬಿಸಿಯಾಯಿತು.

"ಹೂಂ. ಹುಳ ನೋಡಿ ಅವನಿಗೆ ನೀನೇ ಫೋನ್ ಮಾಡು. ಬೈಸ್ಕೊಂಡೋನು, ನಾನ್ ಮಾಡಿದ್ರೆ ಎತ್ತಲ್ಲ."

ಒಳಗೆ ಹುಳಗಳು ಹೊಸ ಚರ್ಮದಲ್ಲಿ ಮಂದವಾಗಿ ಹರಿದಾಡುತ್ತಿದ್ದವು. ಎಲ್ಲವೂ ಅಲ್ಲ.

ಒಂದೇ ರಿಂಗಿಗೆ ಅವನು ಎತ್ತಿದ. "ಎದ್ವಾ?"

"ಮುಕ್ಕಾಲು ಎದ್ದಿವೆ. ಮಿಕ್ಕಿದ್ದು ನೋಡಿದ್ರೆ ಭಯ ಆಗುತ್ತೆ."

"ಕಾಯಿರಿ. ಎಲ್ಲಾ ಎದ್ದ ಮೇಲೇನೇ ಸೊಪ್ಪು ಕೊಡಿ."

"ನಿನ್ನೆ ಯಾಕ್ರೀ ಸುಳ್ಳು ಹೇಳಿದ್ರಿ?"



"ನಿಮ್ಮ ಕೈ ನಡುಗ್ತಿತ್ತು. ನೋಡೋಕಾಗ್ಲಿಲ್ಲ."

ಅವಳ ಕಣ್ಣು ತುಂಬಿತು. "ಅಪ್ಪಂಗೆ ನಿಜ ಹೇಳ್ಬಿಟ್ಟೆ."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ನೀವು ಇನ್ಮೇಲೆ ಬರಲ್ಲ ಅನ್ನೋ ಹೆದರಿಕೆ ಅದಕ್ಕಿಂತ ಜಾಸ್ತಿ ಆಯ್ತು."

"ವಾಣಿಶ್ರೀ... ಹುಳ ನೋಡೋಕೆ ಬರ್ಲಾ?"

"ಹುಳ ನೋಡೋಕೆ ಮಾತ್ರಾನಾ?"

"ಅಲ್ಲ."

"ಹಂಗಾದ್ರೆ ಬನ್ನಿ. ಅಪ್ಪ ಮನೇಲೇ ಇದಾರೆ. ಅದನ್ನ ಅವ್ರ ಮುಂದೇನೇ ಹೇಳಿ."

"ಅಯ್ಯೋ... ಈಗ ನಂಗೆ ಭಯ ಆಗ್ತಿದೆ."

"ಆಗ್ಲಿ," ಎಂದಳು ವಾಣಿಶ್ರೀ, ಕಣ್ಣೊರೆಸಿಕೊಂಡು ನಗುತ್ತ. "ನಾನು ಪಕ್ಕದಲ್ಲೇ ನಿಂತಿರ್ತೀನಿ."