ಸೋಮವಾರದ ಮುದ್ರೆ

ಅಧಿಕಾರಿ ಪ್ರಸೀತ್ ಹೆಬ್ಬೆರಳು ಒದ್ದೆ ಮಾಡಿಕೊಂಡು ಪಾಸ್‌ಪೋರ್ಟಿನ ಮುದ್ರೆಯ ಮೇಲೆ ಉಜ್ಜಿದ. ನೀಲಿ ಶಾಯಿ ಬೆರಳಿಗೆ ಹತ್ತಿಕೊಂಡಿತು.

"ನಮ್ಮ ಮುದ್ರೆ ಹೀಗೆ ಬಣ್ಣ ಬಿಡಲ್ಲ, ದೊಡ್ಡಮ್ಮ. ಇದು ಖೋಟಾ."

ಕೇಸೋನ್ ಕಿಟಕಿಗೆ ಇನ್ನಷ್ಟು ಬಾಗಿ ಆ ಹಾಳೆ ನೋಡಿದಳು. ಗಡಿಯೂರು ನೋಂಗ್ ಖಾಯ್‌ನ ನದಿದಂಡೆಯಲ್ಲಿ ಪಪ್ಪಾಯಿ ಕಾಯಿ ಕುಟ್ಟಿ ಕೋಸಂಬರಿ ಮಾಡಿ ಮಾರುವ ಅರವತ್ತಾರರ ಹೆಂಗಸು ಅವಳು. ಹದಿನಾಲ್ಕು ವರ್ಷದಿಂದ ಜೊತೆಗಿದ್ದ ಡೇನಿಷ್ ಮುದುಕ ಹೆನಿಂಗ್‌ನನ್ನು ಕರೆದೊಯ್ಯಲು ಸೇತುವೆಯ ತಪಾಸಣೆ ಕಟ್ಟೆಗೆ ಬಂದಿದ್ದಳು. ಪಾಸ್‌ಪೋರ್ಟ್ ತಡೆಹಿಡಿದು ಅವನನ್ನು ಆಗಲೇ ಹಿಂದಕ್ಕೆ, ಲಾವೋಸಿಗೆ ಕಳಿಸಿಬಿಟ್ಟಿದ್ದರು.

ಹೆನಿಂಗ್ ಇದ್ದದ್ದು ನಿವೃತ್ತರ ವೀಸಾದ ಮೇಲೆ. ವರ್ಷಕ್ಕೊಮ್ಮೆ ಊರಿನ ವಲಸೆ ಕಚೇರಿಗೆ ಖುದ್ದಾಗಿ ಹೋಗಿ ನವೀಕರಿಸಬೇಕು. ಈ ಸಲದ ಗಡುವು ಶುಕ್ರವಾರ. ಮಧ್ಯೆ ಗಡಿ ದಾಟುವವರು ಮೊದಲೇ ಮರುಪ್ರವೇಶದ ಮುದ್ರೆ ಹಾಕಿಸಿಕೊಳ್ಳಬೇಕು. ಇಲ್ಲವೋ, ದಾಟಿದ ಕ್ಷಣವೇ ವೀಸಾ ಸತ್ತಂತೆ. ಮೂರು ವಾರದ ಹಿಂದೆ ಆ ಮುದ್ರೆ ಹಾಕಿಸಿಕೊಂಡೇ ಗೆಳೆಯ ಮಾರ್ಸೆಲ್‌ನ ಅಂತ್ಯಕ್ರಿಯೆಗೆಂದು ಲಾವೋಸಿನ ವಿಯೆಂಟಿಯಾನಿಗೆ ಹೋದವನು, ಸತ್ತವನ ಮನೆ ಖಾಲಿ ಮಾಡಿಸಿ ಇವತ್ತು ಬಂದಿದ್ದ.

"ಅವ್ರೇ ಮಾಡಿಸಿದ್ರೋ ಇನ್ಯಾರೋ ನಂಗೊತ್ತಿಲ್ಲ," ಎಂದ ಪ್ರಸೀತ್. "ನಾಳೆ ಮಧ್ಯಾಹ್ನ ವರದಿ ಬ್ಯಾಂಕಾಕಿಗೆ ಹೋಗತ್ತೆ. ಕಪ್ಪುಪಟ್ಟಿಗೆ ಬಿದ್ರೆ ಮತ್ತೆ ಈ ದಡಕ್ಕೆ ಕಾಲಿಡೋ ಹಾಗಿಲ್ಲ."

"ಮಾಡಿದೋರನ್ನ ನಾನು ಹಿಡ್ಕೊಟ್ರೆ?"

"ನೀವಾ?"

"ಯಾಕಪ್ಪಾ, ಪಪ್ಪಾಯಿ ಕುಟ್ಟೋಳಿಗೆ ತಲೆ ಇರಲ್ವಾ? ಆ ಹಾಳೇದು ಒಂದು ನಕಲು ಕೊಡು."

* * *

ಫೋನಿನಲ್ಲಿ ಹೆನಿಂಗ್‌ನ ದನಿ ಸೋತಿತ್ತು.

"ಪಾಸ್‌ಪೋರ್ಟ್ ಯಾರ ಕೈಗೆ ಕೊಟ್ಟೆ?" ಎಂದು ಕೇಳಿದಳು ಕೇಸೋನ್.

"ಡೆರಿಕ್ ಕೈಗೆ. ನಂಗೆ ಮಂಡಿ ನೋವಿತ್ತಲ್ಲ, ನಾನೇ ಹಾಕಿಸಿ ಕೊಡ್ತೀನಿ ಅಂದ. ಕೇಸೋನ್, ನಾನು ಡೆನ್ಮಾರ್ಕಿಗೇ ಹೋಗಿಬಿಡ್ಲಾ? ನಿಂಗ್ಯಾಕೆ ಈ ರಗಳೆ?"

"ಅಲ್ಲಿ ನಿಂಗೆ ಬಡಿಸೋಕೆ ಯಾರಿದಾರೆ? ತೆಪ್ಪಗೆ ಅಲ್ಲೇ ಕೂತಿರು."

ಫೋನಿಟ್ಟ ಮೇಲೆ ಕಣ್ಣು ತುಂಬಿತು. ಸೆರಗಿಲ್ಲದ ನಾಡು, ರವಿಕೆಯ ತೋಳಿಗೇ ಒರೆಸಿಕೊಂಡು ಹೊರಟಳು.

ಇಂಗ್ಲೆಂಡಿನ ಡೆರಿಕ್ ಎಂದಿನಂತೆ ನದಿದಂಡೆಯ ಬಾರಿನಲ್ಲಿದ್ದ. ಊರಿನ ಪರದೇಶಿ ಮುದುಕರಿಗೆಲ್ಲ ಅರ್ಜಿ ತುಂಬಿಕೊಡುವ ಉಪಕಾರಿ. ಕಚೇರಿಯಲ್ಲಿ ಎಲ್ಲರೂ ತನಗೆ ಗೊತ್ತು ಎಂದು ಹೇಳಿಕೊಂಡು ತಿರುಗುವವನು.

"ನಾನು ಬರೀ ಅಂಚೆಯವನು, ಅಕ್ಕ. ಹದಿನಾರನೇ ತಾರೀಖು ಸೋಮವಾರ ವೀಸಾ ಏಜೆಂಟ್ ವಿಲಾವನ್ ಕೈಗೆ ಕೊಟ್ಟೆ. ನನ್ನ ಕಣ್ಣೆದುರೇ ಕಚೇರಿ ಒಳಗೆ ಹೋದ್ಳು. ಸಂಜೆ ಮುದ್ರೆ ಬಿದ್ದಿತ್ತು."

"ತಾರೀಖು ಅಷ್ಟು ಚೆನ್ನಾಗಿ ನೆನಪಿದ್ಯಾ?"

"ಇರದೇ ಏನು? ಹಿಂದಿನ ದಿನ ನಿಮ್ಮ ವಿಶಾಖಪೂಜೆ, ಬುದ್ಧನ ಹಬ್ಬ. ಊರಲ್ಲಿ ಒಂದು ಹನಿ ಬಿಯರ್ ಸಿಗ್ಲಿಲ್ಲ. ಸೋಮವಾರ ಬಾರ್ ಬಾಗಿಲು ತೆಗೆದ ಮೇಲೇ ನಂಗೆ ಜೀವ ಬಂದಿದ್ದು."

"ನೀನೇ ಕಚೇರಿಗೆ ಹೋಗಬಹುದಿತ್ತಲ್ಲ?"

"ಹೊಟ್ಟೆ ಕೆಟ್ಟಿತ್ತು."

"ಮಾರ್ಸೆಲ್ ನಿನ್ನ ಜೀವದ ಗೆಳೆಯ. ಅವನ ಸಾವಿಗೂ ಹೊಳೆ ದಾಟ್ಲಿಲ್ಲ ನೀನು."

"ಅದೇ ಹೊಟ್ಟೆ," ಎಂದು ಡೆರಿಕ್ ಗ್ಲಾಸು ಎತ್ತಿದ.

* * *

ವಿಲಾವನ್ ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಡೆರಿಕ್ ಹಬ್ಬಿಸಿದ ಮಾತು ಅಷ್ಟರಲ್ಲೇ ಬೀದಿಯೆಲ್ಲ ಸುತ್ತಿತ್ತು. ಕೇಸೋನಳಿಗೂ ಅನುಮಾನವಿತ್ತು. ಬಗ್ಗಿ ಒಳಗೆ ನುಗ್ಗಿದಳು.

"ನೀನೂ ಬೈಯೋಕೆ ಬಂದ್ಯಾ, ಅಕ್ಕ? ಆರು ತಿಂಗಳಿಂದ ಆ ಮನುಷ್ಯ ನನ್ನ ಮೆಟ್ಟಿಲು ಹತ್ತಿಲ್ಲ. ನಿನ್ನ ಪಾಸ್‌ಪೋರ್ಟೂ ಒಂದ್ಸಲ ತೋರಿಸು, ತಾರೀಖು ನೋಡ್ತೀನಿ ಅಂತ ಅವನಿಗೆ ಅಂದೆ. ಅವತ್ತು ಹೋದೋನು ಹೋದ."

ಕೇಸೋನ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಹದಿನೈದು ಕೆಂಪು. ಅದರ ಪಕ್ಕದ ಹದಿನಾರೂ ಕೆಂಪು. ನಕಲು ಹಾಳೆ ತೆಗೆದು ಇನ್ನೊಮ್ಮೆ ನೋಡಿದಳು. ಮುದ್ರೆಯ ತಾರೀಖೂ ಹದಿನಾರೇ. ಆಮೇಲೆ ಬಿದ್ದು ಬಿದ್ದು ನಕ್ಕಳು.

"ಬಾಗಿಲು ಪೂರ್ತಿ ಎತ್ತು, ವಿಲಾವನ್. ಕಳ್ಳರ ಹಾಗೆ ಕೂರಬೇಡ."

* * *

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಪ್ರಸೀತ್ ಬಾರಿಗೆ ಬಂದ. ಕೇಸೋನ್ ಡೆರಿಕ್‌ನ ಎದುರೇ ಕುರ್ಚಿ ಎಳೆದು ಕೂತಿದ್ದಳು.

"ಹದಿನಾರನೇ ತಾರೀಖು ವಿಲಾವನ್ ಎಲ್ಲಿಗೆ ಹೋದ್ಳು ಅಂದೆ? ಇವ್ರಿಗೂ ಹೇಳು."

"ಕಚೇರಿಗೆ. ನಾನೇ ನೋಡಿದೆ."

ಪ್ರಸೀತ್‌ನ ಹುಬ್ಬು ಮೇಲೇರಿತು.

"ಈ ಸಲ ವಿಶಾಖಪೂಜೆ ಭಾನುವಾರ ಬಂತು," ಎಂದಳು ಕೇಸೋನ್. "ಹಬ್ಬ ಭಾನುವಾರ ಬಂದ್ರೆ ಸೋಮವಾರ ಬದಲಿ ರಜೆ. ಕಚೇರಿಗೆ ಬೀಗ. ಅಲ್ಲಿಯ ಗುಮಾಸ್ತರೆಲ್ಲ ಮಕ್ಕಳು ಮರಿ ಕಟ್ಕೊಂಡು ನನ್ನ ಅಂಗಡಿಗೆ ಬಂದಿದ್ರು, ಕುಟ್ಟಿ ಕುಟ್ಟಿ ನನ್ನ ರಟ್ಟೆ ಬಿದ್ದುಹೋಗಿತ್ತು. ಇದು ವಿಲಾವನ್‌ಗೆ ಗೊತ್ತಿಲ್ವಾ? ಈ ಊರಲ್ಲಿ ಹುಟ್ಟಿದ ಯಾರೂ ಆ ತಾರೀಖು ಒತ್ತಲ್ಲ. ಒತ್ತೋನು ಒಬ್ಬನೇ, ಬಾರ್ ಮುಚ್ಚಿದ್ರೆ ಮಾತ್ರ ಹಬ್ಬ ಅನ್ಕೊಳ್ಳೋನು. ಬದಲಿ ರಜೆಗೆ ಬಿಯರ್ ನಿಲ್ಸಲ್ಲ ನೋಡು. ಬಾರ್ ತೆಗೀತು, ಹಾಗಾದ್ರೆ ಕಚೇರಿನೂ ತೆಗೆದಿದೆ ಅಂದ್ಕೊಂಡೆ."

"ನಾನ್ಯಾಕೆ ಖೋಟಾ ಮಾಡ್ಲಿ? ಕಚೇರಿಗೆ ಹೋದ್ರೆ ಆಗ್ತಿತ್ತಲ್ಲ?"

"ಹೋಗೋಕೆ ನಿಂಗೆ ಮುಖ ಎಲ್ಲಿದೆ? ಪಾಸ್‌ಪೋರ್ಟ್ ತೋರ್ಸು ಅಂದಿದ್ದಕ್ಕೆ ವಿಲಾವನ್ ಅಂಗಡಿ ಬಿಟ್ಟೆ. ಗೆಳೆಯ ಸತ್ರೂ ಸೇತುವೆ ಹತ್ಲಿಲ್ಲ. ನಿನ್ನದೇ ವೀಸಾ ಮುಗಿದು ಎಷ್ಟು ವರ್ಷ ಆಯ್ತು?"

ಪಾಸ್‌ಪೋರ್ಟಿಗೆಂದು ಪ್ರಸೀತ್ ಚಾಚಿದ ಕೈಯನ್ನು ಡೆರಿಕ್ ನೋಡಿದ. ಆಮೇಲೆ ಮೇಜು ನೋಡಿದ.

"ಎರಡು," ಎಂದ. "ಹೆನಿಂಗ್‌ಗೆ ಆಗಲ್ಲ ಅಂದಿದ್ರೆ ಮರ್ಯಾದೆ ಹೋಗ್ತಿತ್ತು. ಎಲ್ಲರೂ ನನ್ನೇ ಕೇಳ್ತಾರೆ."

ಅವನ ಕೋಣೆಯ ಮಂಚದ ಕೆಳಗೆ ರಬ್ಬರ್ ಮುದ್ರೆಯೂ ಶಾಯಿಯ ಡಬ್ಬಿಯೂ ಸಿಕ್ಕವು.

* * *

"ಯಜಮಾನ್ರ ಹೆಸರು ಕಪ್ಪುಪಟ್ಟಿಗೆ ಹೋಗಲ್ಲ," ಎಂದ ಪ್ರಸೀತ್. "ಆದ್ರೆ ಹಳೇ ವೀಸಾ ಸತ್ತಿದ್ದು ಸತ್ತಿದ್ದೇ, ದೊಡ್ಡಮ್ಮ. ಆ ದಡದಲ್ಲೇ ಇದ್ದು ಹೊಸದಾಗಿ ಅರ್ಜಿ ಹಾಕ್ಬೇಕು. ವಾರವೋ, ತಿಂಗಳೋ."

"ಹಾಕ್ಲಿ. ಹದಿನಾಲ್ಕು ವರ್ಷ ಇಲ್ಲಿ ಬಾಳಿದೋನು ಹೊಸಬನ ಹಾಗೆ ಸಾಲಲ್ಲಿ ನಿಲ್ಬೇಕಾ? ನಿಲ್ತಾನೆ. ಒಬ್ಬನೇ ಅಂತೂ ಅಲ್ಲ."

ಅವಳು ಅಂಗಡಿಗೆ ಬೀಗ ಹಾಕಿದಳು. ಮರದ ಕುಟ್ಟಾಣಿಯನ್ನು ಗೋಣಿಚೀಲಕ್ಕೆ ತುರುಕಿ, ಕಂಕುಳಲ್ಲಿಟ್ಟುಕೊಂಡು ಸೇತುವೆಗೆ ಬಂದಳು. ಗಡಿ ದಾಟಲು ಅವಳಿಗೆ ಯಾರ ವೀಸಾವೂ ಬೇಕಿರಲಿಲ್ಲ.

ಕಿಟಕಿಯ ಹಿಂದಿನ ಹುಡುಗಿ ಕೇಳಿದಳು, "ವಾಪಸ್ ಬರೋದು ಯಾವಾಗ, ದೊಡ್ಡಮ್ಮ?"

"ಅವನನ್ನ ಒಳಗೆ ಬಿಡೋ ದಿನ," ಎಂದಳು ಕೇಸೋನ್. "ಒತ್ತು ಮುದ್ರೆ."