ಆಯುಧಪೂಜೆಯ ಮರುದಿನ

"ಸಿಸ್ಟರ್... ನಿಲ್ಸಿ!"

ಸೂಜಿ ರೋಗಿಯ ತೋಳಿಗೆ ತಾಗುವಷ್ಟರಲ್ಲಿ ಒಂದು ಕೈ ಮುತ್ತಮ್ಮನ ಮಣಿಕಟ್ಟನ್ನು ಹಿಡಿದಿತ್ತು. ಅಂದು ಬೆಳಿಗ್ಗೆಯಷ್ಟೇ ಚಾರ್ಜ್ ತೆಗೆದುಕೊಂಡಿದ್ದ ಹೊಸ ಡಾಕ್ಟರ್ ವೆಂಕಟರಾಯಪ್ಪ!

"ಔಷಧಿ ಡಬ್ಬಿ ಮೇಲೆ ಏನಿದೆ? ಜೋರಾಗಿ ಓದಿ."

ಚೀಟಿಯ ಮೇಲೆ ಕುಂಕುಮ ಮೆತ್ತಿತ್ತು. ಉಜ್ಜಿದಳು.

"ಅ... ಅಡ್ರಿನಲಿನ್."

ಬೇಕಿದ್ದದ್ದು ಅಟ್ರೋಪಿನ್. ದ್ರಾಕ್ಷಿ ತೋಟಕ್ಕೆ ಕೀಟದ ಔಷಧಿ ಹೊಡೆಯುತ್ತ ಕುಸಿದಿದ್ದ ದೊಡ್ಡಮುನಿಯಪ್ಪನ ವಿಷ ಇಳಿಸಬೇಕಿದ್ದದ್ದು ಅದೇ. ಡಾಕ್ಟರೇ ಬೀರು ಹುಡುಕಿ ಸರಿಯಾದ ಡಬ್ಬಿ ತಂದರು. ಸಂಜೆಯ ಹೊತ್ತಿಗೆ ರೋಗಿ ಕಣ್ಣು ಬಿಟ್ಟ.

ದೇವನಹಳ್ಳಿ ಸೀಮೆಯ ಆ ಪುಟ್ಟ ಆಸ್ಪತ್ರೆಯಲ್ಲಿ ಮುತ್ತಮ್ಮನಿಗೆ ಅದು ನಾಲ್ಕನೇ ವರ್ಷ. ಅಟ್ರೋಪಿನ್ ಎಂದರೆ ಬೀರುವಿನ ಎರಡನೇ ಹಲಗೆಯ ಎಡಮೂಲೆ. ಓದುವ ಅಗತ್ಯವೇ ಬಿದ್ದಿರಲಿಲ್ಲ. ಆದರೆ ಹಿಂದಿನ ದಿನ ಆಯುಧಪೂಜೆ. ಆಯಾ ದ್ಯಾವಮ್ಮ ಭಕ್ತಿಯಿಂದ ಬೀರು ತೊಳೆದು, ಡಬ್ಬಿಗಳಿಗೆಲ್ಲ ಕುಂಕುಮವಿಟ್ಟು, ತನಗೆ ಚೆಂದ ಕಂಡಂತೆ ಜೋಡಿಸಿಟ್ಟಿದ್ದಳು.

"ಬೀರು ಜೋಡಿಸಿದ್ದು ಯಾರು?" ಡಾಕ್ಟರ್ ಕೇಳಿದರು.

ದ್ಯಾವಮ್ಮ ಬಾಗಿಲ ಮರೆಗೆ ಸರಿದಳು.

ಮುತ್ತಮ್ಮ ಅವಳ ಹೆಸರು ಹೇಳಲಿಲ್ಲ. ಡಾಕ್ಟರೂ ಮತ್ತೆ ಕೇಳಲಿಲ್ಲ. ಸುಮ್ಮನೆ ಅವಳನ್ನೇ ನೋಡಿ, ಕಾಗದ ತೆಗೆದು ಬರೆಯತೊಡಗಿದರು.

'ನನ್ನ ಮೇಲೆ ದೂರು! ಇನ್ನು ಈ ಬಿಳಿ ಸೀರೆ ಉಡೋ ಹಾಗಿಲ್ಲ...'

ಮರುದಿನದಿಂದ ಮಧ್ಯಾಹ್ನ ಮೂರಕ್ಕೆ ಪಾಠ. ಡಾಕ್ಟರ್ ದಿನವೂ ಡಬ್ಬಿಗಳ ಜಾಗ ಬದಲಿಸುತ್ತಿದ್ದರು. ಒಬ್ಬರು ಹೆಸರು ಓದಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು, ಆಮೇಲಷ್ಟೇ ಸೂಜಿ. ರೋಗಿಯ ಪಾತ್ರ ಕಾಂಪೌಂಡರ್ ಲಕ್ಷ್ಮಯ್ಯನದು.

"ದಿನಾ ನಾನೇ ಸಾಯ್ಬೇಕಾ ಸಾರ್? ಒಂದಿನ ದ್ಯಾವಮ್ಮನ್ನ ಮಲಗ್ಸಿ!"

"ಬಾಯ್ಮುಚ್ಕೊಂಡು ಸಾಯೋ, ಹೆಣ ಮಾತಾಡ್ತದಾ?" ಎನ್ನುತ್ತಿದ್ದಳು ದ್ಯಾವಮ್ಮ.

ಎಲ್ಲರೂ ನಗುತ್ತಿದ್ದರು, ಮುತ್ತಮ್ಮನೊಬ್ಬಳನ್ನು ಬಿಟ್ಟು. 'ಇದೆಲ್ಲ ನನ್ನನ್ನ ಚುಚ್ಚೋಕೇ...' ಆದರೂ ಕಿಟಕಿಯ ಹಸಿರು ಪರದೆಯಿಂದ ಸೋಸಿ ಬರುವ ಬೆಳಕಿನಲ್ಲಿ ಡಾಕ್ಟರ್ ಮೆಲ್ಲಗೆ ಹೆಸರು ಓದುವಾಗ, ತಿರುಗಿ ಹೇಳುವ ಅವಳ ದನಿ ಏಕೋ ತೇಲಿದಂತಾಗುತ್ತಿತ್ತು. ಸಿಟ್ಟಿಗೂ ಇಷ್ಟು ಮೃದುವಾದ ಒಳಬದಿ ಇರುತ್ತದೆಯೇ?

ತಿಂಗಳು ಕಳೆದು, ಜಿಲ್ಲಾ ಕಚೇರಿಯಿಂದ ಲಕೋಟೆ ಬಂತು. ಮುತ್ತಮ್ಮ ಮೊದಲೇ ಬರೆದಿಟ್ಟಿದ್ದ ರಾಜೀನಾಮೆಯನ್ನು ಕೈಗೆತ್ತಿಕೊಂಡಳು.

"ಅಯ್ಯೋ, ನೀನ್ಯಾಕಮ್ಮಾ ಹೋಗ್ತೀಯ?" ಲಕ್ಷ್ಮಯ್ಯ ದನಿ ತಗ್ಗಿಸಿದ. "ವರ್ಗ ಆಗಿರೋದು ಡಾಕ್ಟ್ರಿಗೆ, ತ್ಯಾಮಗೊಂಡ್ಲಿಗೆ! 'ಬೀರು ನೋಡ್ದೆ ಚಾರ್ಜ್ ತಗೊಂಡಿದ್ದು ನಂದೇ ತಪ್ಪು' ಅಂತ ಅವ್ರೇ ಬರ್ಕೊಟ್ಟವ್ರೆ. ನಿನ್ ಹೆಸ್ರೇ ಇಲ್ಲ ಕಣಮ್ಮಾ."

ಅವಳು ಓಡಿದಳು. ಖಾಲಿ ವಾರ್ಡಿನ ಕಿಟಕಿಯ ಬಳಿ ಅವರು ಒಬ್ಬರೇ ನಿಂತಿದ್ದರು.

"ಯಾಕೆ ಹೇಳ್ಲಿಲ್ಲ ನೀವು?"

"ನೀವು ಹೇಳಿದ್ರಾ, ದ್ಯಾವಮ್ಮನ ಹೆಸ್ರು?"

ಅವಳು ಬೆರಗಾದಳು. "ಗೊತ್ತಿತ್ತಾ...?"

"ಅವತ್ತೇ ಬಂದು ಅತ್ಕೊಂಡು ಹೇಳಿದ್ಲು. ತನ್ನ ಕೆಲಸ ಹೋದ್ರೂ ಪರವಾಗಿಲ್ಲ ಅಂತ ಸುಮ್ನಿದ್ದೋರನ್ನ ನಾನು ನೋಡಿರ್ಲಿಲ್ಲ. ಅವತ್ತಿಂದ..."

ಅವರು ಮಾತು ಮುಗಿಸದೆ ಕಿಟಕಿಯತ್ತ ತಿರುಗಿದರು.

"ನಂಗೆ ಪಾಠ ಮಾಡಿ ಅವಮಾನ ಮಾಡ್ತಿದ್ದೀರ ಅಂದ್ಕೊಂಡೆ..."

"ಯಾರ ಕೈ ಬೇಕಾದ್ರೂ ತಪ್ಪತ್ತೆ, ಮುತ್ತಮ್ಮ. ನನ್ನದೂ ಸೇರಿ. ನಾಳೆಯಿಂದ ಪಾಠ ನೀವೇ ಮಾಡ್ಬೇಕು. ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ಮಾಡಲ್ಲ."

ಅವಳು ರಾಜೀನಾಮೆಯನ್ನು ಹರಿದಳು. ಕಣ್ಣು ಮಂಜಾಗಿತ್ತು.

"ಭಾನುವಾರ ನಿಮ್ಮೂರು ಆವತಿಗೆ ಬಂದು ನಿಮ್ಮ ಅಪ್ಪನ ಹತ್ರ ಮಾತಾಡ್ಲಾ?" ಡಾಕ್ಟರ್ ಕೇಳಿದರು.

"ಬನ್ನಿ. ಅಪ್ಪ ಮೊದ್ಲು ರೇಗ್ತಾರೆ... ಎದ್ದು ಹೋಗ್ಬೇಡಿ. ಊಟದ ಹೊತ್ತಿಗೆ ಒಪ್ಕೊತಾರೆ."

"ನೀವು?"

"ನಾನಾ...?" ಅವಳು ತಲೆ ತಗ್ಗಿಸಿ ನಕ್ಕಳು. "ಊಟದವರೆಗೂ ಕಾಯೋದೇನೂ ಬೇಡ."