ಮೂರನೇ ಬೆಂಕಿಪೊಟ್ಟಣ

“ನಮ್ಮಪ್ಪ ಶನಿವಾರ ಡೀಸೆಲ್ ಮ್ಯಾನ್ಯುಯಲ್ ಕೇಳ್ಕೊಂಡು ಬರ್ತಾರೆ. ನೀವು ಕೊಡಬಾರ್ದು.”

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ಶೋರೂಮಿನ ಬಾಗಿಲು ತಳ್ಳಿಕೊಂಡು ಬಂದು, ನನ್ನ ಟೇಬಲ್ಲಿನ ಎದುರು ಕೂತು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಅವಳು ಆಡಿದ ಮೊದಲ ಮಾತೇ ಅದು. ಕಾರು ಮಾರುವವನ ಹತ್ತಿರ ಬಂದು ಕಾರು ಕೊಡಬೇಡಿ ಎನ್ನುವ ಗಿರಾಕಿಯನ್ನು ನಾನು ಅವತ್ತೇ ನೋಡಿದ್ದು. ಆದರೆ ನಾನು ಅವಳನ್ನೇ ನೋಡುತ್ತಾ ಕೂತದ್ದು ಅದಕ್ಕಲ್ಲ.

ಆ ಮುಖ ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಅದನ್ನು ಅಂಗೈಯಗಲದ ಕನ್ನಡಿಯಲ್ಲಿ ನೋಡಿ ನೋಡಿ ನಾನು ಹಾಳಾಗಿದ್ದೆ.

ಅವಳ ಅಪ್ಪ ಡ್ರೈವಿಂಗ್ ಸ್ಕೂಲಿನ ಯಜಮಾನರು. ಊರಿಗೆಲ್ಲ ಅವರು ಕ್ಲಚ್ ಮಾಸ್ಟ್ರು. ಕೊನೆಯ ದಿನ ಅವರದೊಂದು ಪರೀಕ್ಷೆ ಇರುತ್ತಿತ್ತು. ಸ್ಕೂಲಿನ ಮುಂದಿನ ಕಡಿದಾದ ಏರಿನ ಅರ್ಧದಲ್ಲಿ ಗಾಡಿ ನಿಲ್ಲಿಸಬೇಕು. ಹಿಂದಿನ ಚಕ್ರಕ್ಕೆ ಒಂದು ಬೆರಳು ದೂರದಲ್ಲಿ ಒಂದು ಬೆಂಕಿಪೊಟ್ಟಣ ಇಡುತ್ತಾರೆ. ಗಾಡಿ ಹಿಂದಕ್ಕೆ ಜಾರದೆ, ಪೊಟ್ಟಣ ತುಳಿಯದೆ, ಏರು ಹತ್ತಬೇಕು. ಹತ್ತಿದರೆ ಪಾಸು.

ಆ ಪೊಟ್ಟಣ ಇಡುವ ಕೆಲಸ ಕಾಲೇಜು ಮುಗಿಸಿ ಬಂದ ಮಗಳದ್ದು. ಅವಳು ಚಕ್ರದ ಹಿಂದೆ ಬಗ್ಗಿ, ಎದ್ದು, ಕೈಯ ಧೂಳು ಕೊಡವಿಕೊಂಡು, ಕನ್ನಡಿಯಲ್ಲಿ ನನ್ನತ್ತ ನೋಡಿ “ರೆಡಿ” ಎಂದು ತಲೆ ಆಡಿಸುತ್ತಿದ್ದಳು. ಅಷ್ಟೇ. ನನ್ನ ಎಡಗಾಲಿಗೂ ತಲೆಗೂ ಸಂಬಂಧ ಕಡಿದುಹೋಗುತ್ತಿತ್ತು.

ಮೂರು ದಿನ, ಮೂರು ಪೊಟ್ಟಣ ಅಪ್ಪಚ್ಚಿ. ನಾಲ್ಕನೇ ದಿನ ಅವಳಿರಲಿಲ್ಲ; ಮುಂದೆ ಓದಲು ಸೀಟು ಸಿಕ್ಕಿತೆಂದು ರಾತ್ರೋರಾತ್ರಿ ಹಾಸ್ಟೆಲಿಗೆ ಹೊರಟುಹೋಗಿದ್ದಳು. ಕನ್ನಡಿ ಖಾಲಿ. ಒಂದೇ ಸಲಕ್ಕೆ ಪಾಸಾದೆ. ಪಾಸಾಗಿ ಅಷ್ಟು ಸಪ್ಪೆ ಮುಖ ಹೊತ್ತುಕೊಂಡು ಮನೆಗೆ ಹೋದವನು ಆ ಸ್ಕೂಲಿನಲ್ಲಿ ನಾನೊಬ್ಬನೇ ಇರಬೇಕು.

ಇವಳಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ ಅಂದುಕೊಂಡು ಟೈ ಸರಿಮಾಡಿಕೊಂಡೆ.

“ಯಾಕೆ ಕೊಡಬಾರ್ದು ಮೇಡಂ?”

“ನಮ್ಮಮ್ಮಂಗೋಸ್ಕರ. ಅಪ್ಪನ ಮೊದಲ್ನೇ ಸ್ಟೂಡೆಂಟೇ ಅಮ್ಮ. ಆಮೇಲೆ ಹೆಂಗಸರ ಬ್ಯಾಚ್ ಪೂರ್ತಿ ಅವರೇ ಕಲಿಸ್ತಿದ್ರು. ಎರಡು ವರ್ಷದ ಹಿಂದೆ ಎಡ ಮೊಣಕಾಲು ಆಪರೇಷನ್ ಆಯ್ತು. ನಡೀತಾರೆ, ಮೆಟ್ಲು ಹತ್ತುತಾರೆ, ಆದ್ರೆ ಕ್ಲಚ್ ತುಳಿಯೋಕೆ ಆಗಲ್ಲ. ಈಗ ಹಿಂದಿನ ಸೀಟಲ್ಲಿ ಕೂತು, ಬ್ರೇಕೇ ಇಲ್ಲದ ಜಾಗದಲ್ಲಿ ಬ್ರೇಕ್ ತುಳೀತಿರ್ತಾರೆ.” ನಗಲು ನೋಡಿದಳು, ನಗು ಅರ್ಧಕ್ಕೇ ನಿಂತಿತು. “ನಮ್ಮನೇಲಿ ಒಂದು ಗಾಡಿ ತಗೊಂಡ್ರೆ ಹದಿನೈದು ವರ್ಷ ಬಿಡಲ್ಲ. ಇದ್ರಲ್ಲೂ ಕ್ಲಚ್ ಇದ್ರೆ ಅಮ್ಮ ಇನ್ಯಾವತ್ತೂ ಮುಂದಿನ ಸೀಟಿಗೆ ಬರಲ್ಲ.”

ನಾನು ಬ್ರೋಷರು ಮುಚ್ಚಿಟ್ಟೆ. “ದಿನಕ್ಕೆ ಎಷ್ಟು ಓಡಿಸ್ತೀರಾ?”

“ನನ್ನ ಕ್ಲಿನಿಕ್ಕು, ಮಾರ್ಕೆಟ್ಟು, ಮನೆ. ಒಂಬತ್ತು ಕಿಲೋಮೀಟರ್ ಆಗ್ಬೋದು.”

“ಬನ್ನಿ, ಕ್ಲಚ್ ತುಳಿಯೋದೇ ಬೇಡದ ಗಾಡಿ ಎರಡಿದೆ, ಓಡಿಸ್ಕೊಂಡ್ ಬರೋಣ.”

ಅವಳು ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನವಳು. ಜನಕ್ಕೆ ಹೆಡ್‌ಫೋನು ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿ, ಕೇಳಿಸಿದಾಗ ಬೆರಳು ಎತ್ತಿ ಅನ್ನುವುದು ಅವಳ ಕೆಲಸ. ಅದನ್ನೇ ಕಾರಿನೊಳಗೂ ಶುರುಮಾಡಿದಳು. ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಳು.

“ಗೇರ್ ಬದಲಾಗಿದ್ದು ಗೊತ್ತಾದ್ರೆ ಬೆರಳೆತ್ತೀನಿ. ನೀವು ಸುಮ್ನೆ ಓಡಿಸಿ.”

ಮೊದಲ ಗಾಡಿಯಲ್ಲಿ ಬೆರಳು ಇಳಿಯಲೇ ಇಲ್ಲ. ಎರಡನೆಯದರಲ್ಲಿ ಒಂದು ಸಲ ಎತ್ತಿದಳು, ಅನುಮಾನವಾಗಿ ಮಡಚಿಕೊಂಡಳು. ಸಿಗ್ನಲ್ಲು, ತಿರುವು, ಸೇತುವೆ, ಎಲ್ಲ ದಾಟಿದರೂ ಆ ಬೆರಳು ಮಡಿಲಲ್ಲೇ ಮಲಗಿತ್ತು. ನಾನು ರಸ್ತೆ ನೋಡಬೇಕಿತ್ತು. ಆ ಮುಚ್ಚಿದ ರೆಪ್ಪೆ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ಸದ್ದು ಹುಡುಕುತ್ತಾ ಸ್ವಲ್ಪ ಓರೆಯಾದ ಕತ್ತು, ಇದನ್ನೆಲ್ಲ ನೋಡಬಾರದಿತ್ತು.

“ರಸ್ತೆ ನೋಡಿ,” ಎಂದಳು, ಕಣ್ಣು ತೆರೆಯದೇ.

“ನಿಮಗೆ ಹೇಗ್ ಗೊತ್ತಾಯ್ತು?”

“ಕಿವಿ ಕೆಲಸ ಮಾಡೋಳಿಗೆ ಕತ್ತು ತಿರುಗೋ ಸದ್ದು ಕೇಳ್ಸಲ್ವಾ?”

ವಾಪಸು ಬಂದ ಮೇಲೆ ಕೇಳಿದಳು. “ಎರಡೂ ಆಟೋಮ್ಯಾಟಿಕ್ಕೇ. ಇದು ಯಾಕೆ ಇಷ್ಟು ಮೆತ್ತಗೆ?”

ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ನನಗೆ ಹುರುಪು ಬಂದರೆ ತಡೆಯುವವರಿಲ್ಲ. ನನ್ನ ಟೇಬಲ್ ಫ್ಯಾನು ಎತ್ತಿಟ್ಟೆ. ಅಕೌಂಟೆಂಟ್ ಅಂಕಲ್ಲಿನ ಫ್ಯಾನನ್ನು ಪ್ಲಗ್ಗಿನಿಂದ ಕಿತ್ತು ತಂದು ಅದರ ಎದುರಿಗೆ, ಮುಖಕ್ಕೆ ಮುಖ ಮಾಡಿ ನಿಲ್ಲಿಸಿದೆ. ನನ್ನದನ್ನು ಮಾತ್ರ ಆನ್ ಮಾಡಿದೆ.

“ಆ ಮೊದಲ್ನೇ ಗಾಡೀಲಿ ಮಾಮೂಲಿ ಕ್ಲಚ್ಚೇ ಇದೆ, ಕಾಲಿನ ಬದ್ಲು ಮಿಷನ್ನು ತುಳಿಯುತ್ತೆ. ಇದ್ರಲ್ಲಿ ಹಾಗಲ್ಲ. ಇಂಜಿನ್ ಕಡೆ ಒಂದು ಫ್ಯಾನು, ಗೇರ್ ಕಡೆ ಒಂದು. ನಡುವೆ ಗಾಳಿ ಬದ್ಲು ಎಣ್ಣೆ.”

ಕರೆಂಟೇ ಇಲ್ಲದ ಫ್ಯಾನು ಮೊದಲು ಸುಮ್ಮನಿತ್ತು. ಆಮೇಲೆ ಒಂದು ರೆಕ್ಕೆ ಮಿಸುಕಿತು. ಆಮೇಲೆ ನಿಧಾನಕ್ಕೆ, ನಾಚಿಕೊಂಡಂತೆ, ತಿರುಗತೊಡಗಿತು. ಎರಡರ ನಡುವೆ ಅವಳ ಕೂದಲು ಹಾರಿತು.

“ಒಂದಕ್ಕೊಂದು ಮುಟ್ಟಲ್ವಾ?”

“ಇಲ್ಲ.”

“ಮುಟ್ಟದೇನೇ ತಿರುಗುತ್ತಾ?”

“ಎದುರಿಗಿದ್ರೆ ಸಾಕು.”

ನಾನು ಫ್ಯಾನು ನೋಡುತ್ತಾ ಹೇಳಿದೆ. ಅವಳು ಫ್ಯಾನು ನೋಡುತ್ತಿರಲಿಲ್ಲ ಅನ್ನುವುದು ಪಕ್ಕಗಣ್ಣಿಗೇ ಗೊತ್ತಾಯಿತು. ಎದೆಯೊಳಗೆ ಯಾವುದೋ ರೆಕ್ಕೆ ಗಿರ್ರೆಂದಿತು.

“ಲೋ, ನನ್ ಫ್ಯಾನ್ ಕೊಡೋ!” ಒಳಗಿನಿಂದ ಅಕೌಂಟೆಂಟ್ ಅಂಕಲ್ ಕೂಗಿದರು. “ಇಲ್ಲಿ ಬೆಂದು ಹೋಗ್ತಿದೀನಿ, ಅಲ್ಲಿ ನಿಂದೇನು ಸರ್ಕಸ್ಸು?”

ಶನಿವಾರ ಮಾಸ್ಟ್ರು ಬಂದರು. ಹಿಂದೆ ಅವಳು, ಅವಳ ತೋಳು ಹಿಡಿದು ಅಮ್ಮ. ಮಾಸ್ಟ್ರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಇಡೀ ಶೋರೂಮಿಗೆ ಕೇಳುವಂತೆ ಹೇಳಿದರು:

“ಓಹೋ! ಮೂರು ಪೊಟ್ಟಣ! ನೀನು ಕಾರು ಮಾರೋದಾ? ಕಾಲ ಕೆಟ್ಟೋಯ್ತು ಬಿಡು.”

ನಮ್ಮವರೆಲ್ಲ ಕಿಸಕ್ಕೆಂದರು. ನಾನು ಅವಳತ್ತ ನೋಡಿದೆ. ಅವಳು ಚಾವಣಿಯ ಲೈಟು ಎಣಿಸುತ್ತಿದ್ದಳು. ತುಟಿಯ ಮೂಲೆ ಮಾತ್ರ ನಡುಗುತ್ತಿತ್ತು.

“ಡೀಸೆಲ್ ಮ್ಯಾನ್ಯುಯಲ್. ಬುಕ್ ಮಾಡು,” ಎಂದರು ಮಾಸ್ಟ್ರು.

ಹಿತ್ತಲ ಯಾರ್ಡಿನಲ್ಲಿ ಅಂಥದ್ದೇ ಒಂದು ಮೂರು ತಿಂಗಳಿಂದ ಧೂಳು ತಿನ್ನುತ್ತಿತ್ತು. ಗಾಜಿನಾಚೆಯಿಂದ ಮ್ಯಾನೇಜರ್ ಕಣ್ಣಲ್ಲೇ ‘ಕೊಟ್ಟು ಕೈ ತೊಳ್ಕೋ’ ಎಂದರು. ನಾನು ಪೆನ್ನು ಕೆಳಗಿಟ್ಟೆ.

“ನಿಮಗೆ ಡೀಸೆಲ್ ಬೇಡ ಮಾಸ್ಟ್ರೇ. ಈಗಿನ ಡೀಸೆಲ್ ಗಾಡೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಅದು ಕ್ಲೀನ್ ಆಗ್ಬೇಕಂದ್ರೆ ಇಂಜಿನ್ ಚೆನ್ನಾಗಿ ಕಾದು ದೂರ ಓಡ್ಬೇಕು. ದಿನಕ್ಕೆ ಒಂಬತ್ತು ಕಿಲೋಮೀಟರಿಗೆ ಅದು ಕಟ್ಕೊಳುತ್ತೆ. ನಿಮಗೆ ಪೆಟ್ರೋಲೇ ಸರಿ.”

ಮಾಸ್ಟ್ರು ಹುಬ್ಬು ಗಂಟಿಕ್ಕಿದರು. ಮೋಸದ ಮಾತಲ್ಲ ಅಂತ ಅವರಿಗೆ ಗೊತ್ತಾಯಿತು. “ಸರಿ, ಇಂಜಿನ್ ನಿಂದು. ಗೇರು?”

“ಆಟೋಮ್ಯಾಟಿಕ್ಕು.”

“ಅದು ಡ್ರೈವಿಂಗೇನೋ? ಅದು ಲಿಫ್ಟು! ಗುಂಡಿ ಒತ್ತಿ ನಿಂತ್ಕೊಳ್ಳೋದು!”

ಸೋಫಾದಲ್ಲಿ ಮೊಣಕಾಲು ನೀವಿಕೊಳ್ಳುತ್ತಿದ್ದ ಅಮ್ಮ ಮೆಲ್ಲಗೆ ಹೇಳಿದರು:

“ಲಿಫ್ಟೇ ಆಗ್ಲಿರೀ. ಗುಂಡಿ ಒತ್ತೋಕಾದ್ರೂ ನನಗೆ ಆಗುತ್ತಲ್ಲ.”

ಮಾಸ್ಟ್ರ ದನಿ ಅಲ್ಲಿಗೇ ಇಳಿಯಿತು. ಹೆಂಡತಿಯ ಕಡೆ ನೋಡಿದರು, ಅವರ ಮೊಣಕಾಲಿನ ಕಡೆ ನೋಡಿದರು, ನನ್ನ ಕಡೆ ತಿರುಗಿದರು. ಸೋಲು ಒಪ್ಪಲು ಅವರಿಗೂ ಒಂದು ಪರೀಕ್ಷೆ ಬೇಕಿತ್ತು ಅಂತ ಕಾಣುತ್ತದೆ.

“ನಾಳೆ ಬೆಳಿಗ್ಗೆ ಏಳಕ್ಕೆ ಏರಿಗೆ ತಗೊಂಬಾ. ಪೊಟ್ಟಣ ಉಳಿಸೋ ಗಾಡಿ ನಮ್ಮನೆಗೆ. ತುಳಿದ್ರೆ ಪೆಟ್ರೋಲ್ ಮ್ಯಾನ್ಯುಯಲ್. ಆಮೇಲೆ ಯಾರೂ ಉಸಿರೆತ್ತಬಾರ್ದು.”

ಬೆಳಿಗ್ಗೆ ಏಳಕ್ಕೆ ಇಡೀ ಬೀದಿ ಎದ್ದಿತ್ತು. ಬಾಲ್ಕನಿಯಲ್ಲಿ ಬ್ರಷ್ಷು ಕಚ್ಚಿಕೊಂಡವರು, ಗೇಟಿಗೆ ಒರಗಿದವರು, ಎಲ್ಲ ಮಾಸ್ಟ್ರ ಹಳೇ ಸ್ಟೂಡೆಂಟುಗಳೇ. ಅವಳು ಚಕ್ರದ ಹಿಂದೆ ಬಗ್ಗಿದಳು, ಒಂದು ಬೆರಳು ಅಳೆದು ಪೊಟ್ಟಣ ಇಟ್ಟಳು, ಎದ್ದು ಕೈ ಕೊಡವಿಕೊಂಡಳು. ಎಂಟು ವರ್ಷ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೊದಲ ಗಾಡಿಗೆ ಮಾಸ್ಟ್ರೇ ಕೂತರು. ಅದು ಮಿಷನ್ನು ಕ್ಲಚ್ಚು ತುಳಿಯುವ ಗಾಡಿ. ಎರಡೂ ತೋರಿಸು ಅಂತ ಮ್ಯಾನೇಜರ್ ಹಟ ಹಿಡಿದಿದ್ದರು. ಮಾಸ್ಟ್ರು ಬ್ರೇಕಿನಿಂದ ಕಾಲೆತ್ತಿದರು. ಮಿಷನ್ನು ಅರೆಕ್ಷಣ ಯೋಚನೆ ಮಾಡಿತು. ಗಾಡಿ ಹಿಂದಕ್ಕೆ ವಾಲಿತು. ಕರಕ್!

“ನಿನ್ ಥರಾನೇ ಕ್ಲಚ್ ಬಿಡ್ತು ಕಣೋ ಇದೂನೂ!” ಮಾಸ್ಟ್ರು ಕಿಟಕಿಯಿಂದ ತಲೆ ಹಾಕಿ ಕೂಗಿದರು. ಬೀದಿಯೆಲ್ಲ ಗೊಳ್ಳೆಂದಿತು. ಅವಳೊಬ್ಬಳು ನಗಲಿಲ್ಲ. ಅಪ್ಪಚ್ಚಿಯಾದ ಪೊಟ್ಟಣ ಎತ್ತಿಕೊಂಡು ನನ್ನತ್ತ ನೋಡಿದಳು. ಇನ್ನೊಂದೇ ಇರೋದು, ಎಂದಿತು ಆ ನೋಟ.

ಎರಡನೇ ಗಾಡಿಗೆ ಅಮ್ಮ ಹತ್ತಿದರು. ನಮ್ಮ ಶೋರೂಮಿನ ರೂಲಿನ ಪ್ರಕಾರ ಪಕ್ಕದಲ್ಲಿ ನಾನಿರಬೇಕು. ಆದರೆ ಆ ಜಾಗ ಮೂವತ್ತು ವರ್ಷದಿಂದ ಮಾಸ್ಟ್ರದ್ದು. ಅವರು ಕೂತರು. ನಾನು ಬಾಗಿಲು ಹಾಕಿ ಹಿಂದೆ ಸರಿದೆ.

ಅಮ್ಮನ ಕೈ ಎರಡು ವರ್ಷದಲ್ಲಿ ಏನನ್ನೂ ಮರೆತಿರಲಿಲ್ಲ. ಸೀಟು ಎಳೆದುಕೊಂಡರು, ಕನ್ನಡಿ ತಿರುಗಿಸಿದರು, ಬೆಲ್ಟು ಹಾಕಿಕೊಂಡರು. ಎಡಗಾಲು ಮಾತ್ರ ಏನು ಮಾಡಬೇಕೆಂದು ಗೊತ್ತಾಗದೆ ಒಂದು ಕ್ಷಣ ತಡಕಾಡಿ, ಆಮೇಲೆ ಹಿಂದಕ್ಕೆ ಸರಿದು ಹಾಯಾಗಿ ಕೂತಿತು. ಅರ್ಧ ಏರಿಗೆ ಬಂದು ನಿಲ್ಲಿಸಿದರು. ಅವಳು ಹೊಸ ಪೊಟ್ಟಣ ಇಟ್ಟಳು.

ಬೀದಿಯೆಲ್ಲ ಆ ಪೊಟ್ಟಣದ ಕಡೆ ಕತ್ತು ಚಾಚಿತು.

ಬ್ರೇಕ್ ಲೈಟು ಆರಿತು. ಗಾಡಿ ಹಿಂದಕ್ಕೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ನಿಂತೇ ಇತ್ತು. ಆಮೇಲೆ, ಯಾರೋ ಹಿಂದಿನಿಂದ ಅಂಗೈ ಕೊಟ್ಟು ತಳ್ಳಿದಂತೆ, ಮೇಲಕ್ಕೆ ಹೊರಟಿತು.

ಅವಳು ಪೊಟ್ಟಣ ಎತ್ತಿ ತಲೆಯ ಮೇಲೆ ಹಿಡಿದಳು. ನೆಟ್ಟಗಿತ್ತು! ಬಾಲ್ಕನಿಗಳು ಕುಣಿದವು. ಯಾರದೋ ಬಾಯಿಂದ ಬ್ರಷ್ಷು ಕೆಳಗೆ ಬಿತ್ತು. ನಾನು ಗಾಳಿಯಲ್ಲಿ ಎರಡು ಅಡಿ ನೆಗೆದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅಮ್ಮ ಏರಿನ ತುದಿಯಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಾರ್ನು ಬಾರಿಸಿಕೊಂಡು ತಿರುವಿನಲ್ಲಿ ಮಾಯವಾದರು. “ಏಯ್, ನಿಲ್ಸೇ! ಎಲ್ಲಿಗ್ ಹೊರಟ್ಯೇ?” ಅನ್ನುವ ಮಾಸ್ಟ್ರ ದನಿ ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು.

ಬೀದಿಯವರೆಲ್ಲ ನಗುತ್ತಾ ಒಳಕ್ಕೆ ಹೋದರು, ಏರಿನ ಮೇಲೆ ನಾವಿಬ್ಬರೇ ಉಳಿದೆವು. ಅವಳ ಕಣ್ಣು ತುಂಬಿತ್ತು, ಬಾಯಿ ತುಂಬ ನಗುವಿತ್ತು. ಇವತ್ತು ಹೇಳದಿದ್ದರೆ ಇನ್ನು ಎಂಟು ವರ್ಷ ಹೋಗುತ್ತದೆ ಅನ್ನಿಸಿತು.

“ನಿಮ್ಗೊಂದು ಹೇಳ್ಬೇಕು.”

ಅವಳು ಥಟ್ಟನೆ ಕಣ್ಣು ಮುಚ್ಚಿಕೊಂಡಳು. “ಹೇಳಿ. ಕೇಳ್ಸಿದ್ರೆ ಬೆರಳೆತ್ತೀನಿ.”

“ಆವಾಗ ಎರಡು ಪೊಟ್ಟಣ ತುಳಿದಿದ್ದು ಕನ್ನಡೀಲಿ ನಿಮ್ಮನ್ನ ನೋಡ್ತಿದ್ದಿದ್ದಕ್ಕೆ. ಮೂರನೇದು ಬೇಕೂಂತ್ಲೇ ತುಳಿದೆ. ಪಾಸಾದ್ರೆ ಮಾರನೇ ದಿನ ಬರೋಹಾಗಿರ್ಲಿಲ್ಲ.”

ಬೆರಳು ಏಳಲಿಲ್ಲ.

ಅವಳು ಒಂದು ಕಣ್ಣು ತೆರೆದಳು. “ಸುಳ್ಳು.”

“ಸುಳ್ಳಾ?”

“ಮೂರನೇದು ನೀನು ತುಳಿದಿದ್ದಲ್ಲ ಕಣೋ. ಒಂದು ಬೆರಳು ಜಾಗಾನೇ ಬಿಡ್ದೆ ಟೈರಿಗೆ ಅಂಟಿಸಿ ಇಟ್ಟಿದ್ದೆ. ನಮ್ಮಪ್ಪ ಓಡ್ಸಿದ್ರೂ ಅಪ್ಪಚ್ಚಿ ಆಗ್ತಿತ್ತು.”

“ಯಾಕೆ?”

“ನೀನು ಯಾಕೆ ತುಳಿದ್ಯೋ ಅದಕ್ಕೇ.” ಅವಳ ಕೆನ್ನೆ ಕೆಂಪಾಯಿತು. “ಊರಲ್ಲಿ ನಾಲ್ಕು ಶೋರೂಮಿದೆ. ಇಲ್ಲಿಗೇ ಯಾಕೆ ಬಂದೆ ಅನ್ಕೊಂಡೆ, ದಡ್ಡ? ಈಗ ಹೇಳು, ಸರಿಯಾಗಿ.” ಮತ್ತೆ ಕಣ್ಣು ಮುಚ್ಚಿದಳು.

‘ನೀವು’ ಯಾವಾಗ ‘ನೀನು’ ಆಯಿತೋ, ಅದರಲ್ಲೂ ಗೇರು ಬದಲಾದದ್ದು ಗೊತ್ತೇ ಆಗಿರಲಿಲ್ಲ. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಅವಳ ಕ್ಲಿನಿಕ್ಕಿನ ಅತಿ ಸಣ್ಣ ಸದ್ದಿಗಿಂತ ಸಣ್ಣದಾಗಿ, ಮೂರೇ ಮಾತು.

ಬೆರಳು ಎದ್ದಿತು. ನೆಟ್ಟಗೆ, ಆಕಾಶಕ್ಕೆ.

ಅಷ್ಟರಲ್ಲಿ ಒಂದು ಸುತ್ತು ಹೊಡೆದು ಬಂದ ಗಾಡಿ ಮತ್ತೆ ಏರು ಹತ್ತಿ, ಸರಿಯಾಗಿ ನಮ್ಮ ಪಕ್ಕದಲ್ಲೇ ನಿಂತಿತು. ಕಿಟಕಿಯಲ್ಲಿ ಮಾಸ್ಟ್ರು, ತಲೆಗೂದಲೆಲ್ಲ ಕೆದರಿ, ನಕ್ಕು ನಕ್ಕು ಸುಸ್ತಾದವರ ಹಾಗೆ.

“ಏಯ್ ಮೂರು ಪೊಟ್ಟಣ! ಇದೇ ಗಾಡಿ! ಇವ್ಳಿಗೆ ಕೆಂಪು ಬಣ್ಣಾನೇ ಬೇಕಂತೆ, ಬರ್ಕೋ!” ಆಮೇಲೆ ಮಗಳ ಬೆರಳು ಕಂಡಿತು. “ಇವ್ಳ್ಯಾಕೆ ಬೆರಳೆತ್ಕೊಂಡು ನಿಂತಿದಾಳೆ?”

ಅಮ್ಮ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದರು. ನೋಡಿ, ಎಲ್ಲ ಗೊತ್ತಾದವರ ಹಾಗೆ ನಕ್ಕರು.

“ಅವ್ಳಿಗೆ ಏನೋ ಕೇಳಿಸ್ತು ಕಣ್ರೀ. ಇನ್ನೊಂದು ರೌಂಡ್ ಹೋಗೋಣ, ಸುಮ್ನೆ ಕೂತ್ಕೊಳ್ಳಿ.”

ಬ್ರೇಕಿನಿಂದ ಕಾಲೆತ್ತಿದರು. ಗಾಡಿ ಒಂದಿಷ್ಟೂ ಹಿಂದಕ್ಕೆ ಜಾರದೆ ಮೇಲಕ್ಕೆ ಹೊರಟಿತು.